ಪುಶ್ತ್ ಅಂದರೆ ಬೆನ್ನು, ದಾರಿ ಬಿಡಿ

ಬೂಟಿನ ಲಾಡಿ ಕಟ್ಟಲು ಬಗ್ಗಿದ ಸಂಗೀನ್ ಅಕಾ, ಅಂದರೆ ಸಂಗೀನಣ್ಣ, ಬಗ್ಗಿದವನು ಬಗ್ಗಿದಂತೆಯೇ ಉಳಿದ. ಮೂಗಿನ ಎದುರಿಗೆ ಅಂಗಳದ ಇಟ್ಟಿಗೆ. ಇಟ್ಟಿಗೆಯ ಮೇಲೊಂದು ಇರುವೆ, ತನಗಿಂತ ದೊಡ್ಡದೊಂದು ನಾನ್ ಚೂರನ್ನು ಹಿಮ್ಮುಖವಾಗಿ ನಡೆಯುತ್ತಾ ಎಳೆಯುತ್ತಿತ್ತು. ಅದು ಒಂದು ಕ್ಷಣ ನಿಂತು ಅವನ ಮುಖ ನೋಡಿತು. ನಮ್ಮವನೇ ಪಾಪ, ಅನ್ನುವಂತೆ ಮೀಸೆ ಅಲ್ಲಾಡಿಸಿ ಮತ್ತೆ ಎಳೆಯತೊಡಗಿತು.

"ಸಲೋಮತ್! ಏ ಸಲೋಮತ್!"

ಸಲೋಮತ್ ಅಂದರೆ ಆರೋಗ್ಯ. ಅವನ ಹೆಂಡತಿಯ ಹೆಸರೂ ಅದೇ. ಹಾಗಾಗಿ ಆ ಮನೆಯಲ್ಲಿ ಆರೋಗ್ಯ ದುಂಡುದುಂಡಗೆ ಓಡಾಡಿಕೊಂಡಿತ್ತು; ಯಜಮಾನನ ಬೆನ್ನಿಗೆ ಮಾತ್ರ ಬಂದು ಸೇರಿರಲಿಲ್ಲ.

"ಏನ್ ಹುಡುಕ್ತಿದೀರಿ ಅಲ್ಲಿ, ಫರ್ರುಖನ ಅಪ್ಪಾ?"

"ನನ್ನ ಯೌವನ. ಇಲ್ಲೇ ಎಲ್ಲೋ ಬಿದ್ದಿದೆ. ಬಂದು ಎತ್ತೇ ಮಾರಾಯ್ತಿ!"

ಸಲೋಮತ್ ಬಂದಳು. ಮಂಡಿಯನ್ನು ಅವನ ಸೊಂಟಕ್ಕೆ ಕೊಟ್ಟು, ಎರಡೂ ಭುಜ ಹಿಡಿದು, ಸಿಕ್ಕಿಹಾಕಿಕೊಂಡ ಬಾಗಿಲನ್ನು ತೆಗೆಯುವವಳಂತೆ ಎಳೆದಳು. ಟಕ್ ಅಂತ ಏನೋ ಸದ್ದಾಯಿತು. ಸಂಗೀನ್ ಅರ್ಧಕ್ಕೆ ಎದ್ದ. ಉಳಿದರ್ಧಕ್ಕೆ ಅವಳು ಟ್ರಂಕಿನಿಂದ ನಾಯಿ ಉಣ್ಣೆಯ ಪಟ್ಟಿ ತಂದು ಬಿಗಿದಳು. ಅವಳ ತವರಿನ ಕಾವಲುನಾಯಿಯ ಕೂದಲನ್ನು ಅವಳ ಅಜ್ಜಿ ನೂತು ನೇಯ್ದ ಪಟ್ಟಿ ಅದು. ನಾಯಿಯೂ ಇಲ್ಲ, ಅಜ್ಜಿಯೂ ಇಲ್ಲ. ವಾಸನೆ ಮಾತ್ರ ಇಬ್ಬರನ್ನೂ ನೆನಪಿಸುತ್ತಿತ್ತು.

"ಇವತ್ತೊಂದಿನ ಮಲಗಿ. ಬಜಾರೇನು ಓಡಿಹೋಗಲ್ಲ."

"ಬಜಾರು ಓಡಲ್ಲ, ಸುದ್ದಿ ಓಡುತ್ತೆ. ನನ್ನ ಬೆನ್ನು ಹಿಡಕೊಂಡಿದೆ ಅಂತ ಮುದೀರ್ ಕಿವಿಗೆ ಬಿದ್ರೆ ನಾನು ನೇರ ಪಾಯಿಖಾನೆಗೆ."

"ಹೊಟ್ಟೆನೂ ಕೆಟ್ಟಿದ್ಯಾ?"

"ಅಯ್ಯೋ, ಹೋಗೋಕಲ್ವೇ! ಕೂತ್ಕೊಳ್ಳೋಕೆ! ಕಿಟಕೀಲಿ!"

ವಿಷಯ ಇಷ್ಟೇ. ನಾವ್‌ಬಹೋರ್ ಬಜಾರಿನ ಪಾಯಿಖಾನೆಯ ಕಿಟಕಿಯಲ್ಲಿ ಕೂತು ಚಿಲ್ಲರೆ ಈಸಿಕೊಂಡು ಕಾಗದ ಹರಿದು ಕೊಡುತ್ತಿದ್ದ ಮಿರ್ಜೋ ಬೋಬೋ, ಅಂದರೆ ಮಿರ್ಜೋ ಅಜ್ಜ, ಕೆಲಸ ಬಿಟ್ಟು ಮಗಳ ಮನೆಗೆ ಹೋಗಿದ್ದ. ಕುರ್ಚಿ ಖಾಲಿ. ಬಜಾರಿನ ಮುದೀರ್ ಕೋಮಿಲ್‌ಜೋನ್ ಚಹಾದಂಗಡಿಯಲ್ಲಿ ಎಲ್ಲ ಗಾಡಿಯವರ ಎದುರು ಸಾರಿದ್ದ: "ಯಾರ ಬೆನ್ನು ಮೊದಲು ಕೈಕೊಡುತ್ತೋ, ಅವರಿಗೇ ಆ ಕುರ್ಚಿ. ಇದು ಕೋಮಿಲ್‌ಜೋನ್ ಮಾತು!" ಮುದೀರ್ ಅಂದರೆ ಮ್ಯಾನೇಜರು. ಅವನಿಗೆ ಅದು ದಯೆ. ಕುರ್ಚಿಗೆ ಮೆತ್ತೆ ಇತ್ತು, ಕಾಲ ಬಳಿ ಕರೆಂಟಿನ ಒಲೆ ಇತ್ತು. ಆದರೆ ತರುಣನಾಗಿದ್ದಾಗಿಂದ ಆ ಬಜಾರನ್ನೆಲ್ಲ ಒಂದೇ ಕೂಗಿಗೆ ಇಬ್ಭಾಗ ಮಾಡುತ್ತಿದ್ದವನು ಸಂಗೀನ್. ಸಂಗೀನ್ ಅಂದರೇ ಭಾರ, ವಜನು. ಊರಿಗೆಲ್ಲ ದಾರಿ ಬಿಡಿಸಿದ ಬಾಯಲ್ಲಿ ಇನ್ನು "ಕಾಗದ ಬೇಕಾ?" ಅಂತ ಕೇಳುವುದೇ?

ಆ ಕೂಗು "ಪುಶ್ತ್!" ಆ ಕೋನಿಬೋದೋಮ್ ಊರಿನಲ್ಲಿ ಹುಟ್ಟಿದ ಮಗು ಅಮ್ಮ ಅನ್ನುವ ಮೊದಲೇ ಅದನ್ನು ಕೇಳಿ ಪಕ್ಕಕ್ಕೆ ಸರಿಯಲು ಕಲಿತಿರುತ್ತದೆ. ಪುಶ್ತ್ ಅಂದರೆ ಬೆನ್ನು. ನಮ್ಮ ಪೃಷ್ಠಕ್ಕೆ ದೂರದ ನೆಂಟ. ಒಂದು ಗೇಣು ಮೇಲೆ ವಾಸ, ಅಷ್ಟೇ ವ್ಯತ್ಯಾಸ. ಗಾಡಿಯವನು ಪುಶ್ತ್ ಎಂದರೆ "ನಿನ್ನ ಬೆನ್ನ ಹಿಂದೆ ಗಾಡಿ ಇದೆ, ಸರಿ" ಎಂದರ್ಥ. ಸರಿಯದಿದ್ದರೆ ಗಾಡಿ ಬಂದು ಬೆನ್ನನ್ನೂ ಅದರ ನೆಂಟನನ್ನೂ ಒಟ್ಟಿಗೆ ಮಾತಾಡಿಸುತ್ತಿತ್ತು.

ಅಂತೂ ಸಂಗೀನ್ ಪಟ್ಟಿಯ ಮೇಲೆ ಅಂಗಿ, ಅಂಗಿಯ ಮೇಲೆ ಕೋಟು, ಕೋಟಿನ ಮೇಲೆ ಗಾಂಭೀರ್ಯ ಹಾಕಿಕೊಂಡು ಹೊರಟ. ಓಣಿಯ ತುದಿ ಮುಟ್ಟುವಷ್ಟರಲ್ಲಿ ಒಂದು ನಾಯಿ ಅವನ ಸೊಂಟ ಮೂಸಿ ಹಿಂದೆ ಬಿತ್ತು. ಸೇತುವೆ ದಾಟುವಾಗ ಇನ್ನೊಂದು.

ಬಜಾರಿನಲ್ಲಿ ಕೆಲಸ ನಿಂತಿತ್ತು. ಕಲ್ಲಂಗಡಿ ಲಾರಿಗಳು ಬಂದು ನಿಲ್ಲುವ ಮೇಲಿನ ಗೇಟಿನ ಬಳಿ ಗಾಡಿಯವರೆಲ್ಲ ಗುಂಪು ಕೂಡಿದ್ದರು. ನಡುವೆ ಒಬ್ಬಳು ಹೆಂಗಸು, ಕುತ್ತಿಗೆಯಲ್ಲಿ ಕೈಮೈಕು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಚಿತ್ರ. ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಕಚೇರಿಯಿಂದ ಬಂದ ಮುಂಜಿಫಾ. ಪಾಠ ಹೇಳಲು ಬಂದವಳು ಅಂದಮೇಲೆ ಎಲ್ಲರ ಬಾಯಲ್ಲೂ ಮುಅಲ್ಲಿಮಾ, ಟೀಚರಮ್ಮ. ಚಿತ್ರದಲ್ಲಿ ಇಬ್ಬರು ಕಡ್ಡಿ ಮನುಷ್ಯರು. ಕೆಂಪು ಮನುಷ್ಯ ಗಾಡಿ ಎಳೆಯುತ್ತಿದ್ದ, ಮುಖ ಹುಳ್ಳಗೆ. ಹಸಿರು ಮನುಷ್ಯ ಗಾಡಿ ತಳ್ಳುತ್ತಿದ್ದ, ಮುಖದ ತುಂಬ ನಗು.

"ಆ ಕೆಂಪಣ್ಣ ನೋಡೋಕೆ ಥೇಟ್ ನಿಮ್ಮ ಥರಾನೇ ಇದಾನೆ ಅಕಾ," ಅಂದ ಶೋದಿ.

ಶೋದಿಯೂ ಗಾಡಿಯವನೇ, ಆದರೆ ಅವನ ನಿಜವಾದ ಕಸುಬು ಅಣಕ. ಮುದೀರನ ಗಂಟಲು, ರೈಲ್ವೆ ಸ್ಟೇಷನ್ನಿನ ಅನೌನ್ಸುಮೆಂಟು, ಕುರಿ, ಕುರಿ ಮಾರುವವನು, ಎಲ್ಲವೂ ಅವನ ಗಂಟಲಿನಲ್ಲಿ ಬಾಡಿಗೆಗಿದ್ದವು. ಒಮ್ಮೆ ಅವನು ಫೋನಿನಲ್ಲಿ ತನ್ನ ಅತ್ತೆಯ ದನಿಯಲ್ಲಿ ಮಾವನಿಗೇ ಬೈದು, ಮಾವ ಕ್ಷಮೆ ಕೇಳಿದ್ದು ಊರಿಗೆಲ್ಲ ಗೊತ್ತು.

ಮುಂಜಿಫಾ ಕೈಮೈಕು ಬಾಯಿಗಿಟ್ಟಳು. "ಗೌರವಾನ್ವಿತ ಅಕಾಗಳೇ! ಇವತ್ತಿನ ವಿಷಯ: ಪುಶ್ತ್!"

ಗಾಡಿಯವರೆಲ್ಲ ಒಟ್ಟಿಗೇ ಹಾರಿ ಗೋಡೆಗೆ ಅಂಟಿಕೊಂಡರು. ಒಬ್ಬ ಹಿಂದಿದ್ದ ಈರುಳ್ಳಿ ಮೂಟೆಯ ಮೇಲೆ ಹತ್ತಿ ಕೂತ.

ಮುಂಜಿಫಾ ಸುತ್ತ ನೋಡಿದಳು. ಗಾಡಿ ಯಾವುದೂ ಬರುತ್ತಿರಲಿಲ್ಲ. "ಯಾಕೆ, ಏನಾಯ್ತು?"

"ನೀವೇ ಅಂದ್ರಲ್ಲ ಮುಅಲ್ಲಿಮಾ."

"ನಾನು ಬೆನ್ನಿನ ಬಗ್ಗೆ ಹೇಳ್ತಿದೀನಿ. ಪುಶ್ತ್ ಅಂದ್ರೆ…"

ಮತ್ತೆ ಹಾರಿದರು. ಮೈಯಲ್ಲೇ ಊರಿಬಿಟ್ಟ ಅಭ್ಯಾಸ, ಅವರ ತಪ್ಪಿಲ್ಲ. ಆಮೇಲೆ ಅವಳು ಬೆನ್ನಿಗೆ "ಆ ಭಾಗ" ಎಂದು ಹೆಸರಿಟ್ಟು ಪಾಠ ಮುಂದುವರಿಸಿದಳು. ಕೇಳುವವರು ಮುಖ ಕೆಳಗೆ ಹಾಕಿಕೊಂಡು ಕಿಸಿಕಿಸಿ ನಕ್ಕರು.

ಪಾಠದಲ್ಲಿ ಹುರುಳಿತ್ತು. ಎಳೆಯುವಾಗ ಒಂದು ಕೈ ಹಿಂದೆ, ಮೈ ಮುಂದೆ, ಸೊಂಟ ಹಿಂಡಿದ ಬಟ್ಟೆಯಂತೆ ತಿರುಚಿರುತ್ತದೆ. ಭಾರವೆಲ್ಲ ಆ ಭಾಗಕ್ಕೆ. ನಿಂತರೆ ಗಾಡಿ ನಿಲ್ಲದೆ ಬಂದು ಹಿಮ್ಮಡಿ ಕಚ್ಚುತ್ತದೆ. ತಳ್ಳುವಾಗ ಎರಡೂ ಕೈ, ಕಾಲಿನ ಬಲ, ಇಡೀ ಮೈಯ ತೂಕ. ಹೊರೆ ಎದೆಮಟ್ಟ ಮೀರಬಾರದು, ಮುಂದಿನದು ಕಾಣಬೇಕು.

"ಅಂದ್ರೆ ನಾವು ಎಳೀಬಾರ್ದು?" ಸಂಗೀನ್ ಕೇಳಿದ.

"ಆದಷ್ಟೂ ಬೇಡ ಅಕಾ. ತಳ್ಳಿ."

ಅಲ್ಲಿಗೆ ಪಾಠ ಕೆಟ್ಟಿತು. ಯಾಕೆಂದರೆ ಆ ಊರಲ್ಲಿ ಗಾಡಿಯವನಿಗೆ ಅರೋಬಕಶ್ ಅಂತ ಹೆಸರು. ಅರೋಬಾ ಅಂದರೆ ಗಾಡಿ, ಕಶ್ ಅಂದರೆ ಎಳೆಯುವವನು. ಕನ್ನಡದಲ್ಲಿ ತಳ್ಳುಗಾಡಿ ಅಂತ ಗಾಡಿಯ ಹೆಸರಲ್ಲೇ ಅಪ್ಪಣೆ ಇದೆ, ಪಾಠವೇ ಬೇಕಿಲ್ಲ. ಅವರಿಗೆ ಹೆಸರಿನಲ್ಲೇ ಕಶ್. ಕಶ್‌ನಿಂದ ಕಷ್ಟ ಎಷ್ಟು ದೂರ?

"ನನ್ನಪ್ಪ ಕಶ್. ನನ್ನಜ್ಜ ಕಶ್," ಸಂಗೀನ್ ಎದೆ ಉಬ್ಬಿಸಲು ಹೋಗಿ, ಪಟ್ಟಿ ಬಿಗಿದು, ಅರ್ಧಕ್ಕೆ ಬಿಟ್ಟ. "ತಳ್ಳೋದು ಅಂದ್ರೆ ಏನು ಮುಅಲ್ಲಿಮಾ? ಕೆಟ್ಟು ನಿಂತ ಕಾರು ತಳ್ತಾರೆ. ಮಗುವಿನ ಗಾಡಿ ತಳ್ತಾರೆ. ನಮ್ಮನ್ನ ನಾಳೆ ಏನಂತ ಕರೀತಾರೆ?"

"ಅರೋಬ-ತೇಲಾ!" ಅಂದ ಶೋದಿ. ತೇಲಾ ಅಂದರೆ ಅಲ್ಲಿ ನೂಕು. ಕೇಳಿದವರಿಗೆ ತಾವು ಕೈಕಾಲು ಬಿಟ್ಟು ಎಲ್ಲೋ ತೇಲಿಹೋದಂತೆ ಅನ್ನಿಸಿರಬೇಕು; ಹೋ ಅಂತ ಕೂಗೆದ್ದಿತು. ಮುಂಜಿಫಾಳ ಮಾತನ್ನು ಎಲ್ಲರೂ ಸೇರಿ ತಳ್ಳಿಹಾಕಿದರು. ಜೀವಮಾನದಲ್ಲಿ ಅವರು ತಳ್ಳಿದ್ದು ಅದೊಂದನ್ನೇ.

ಗದ್ದಲ ಕೇಳಿ ಮುದೀರ್ ಕೋಮಿಲ್‌ಜೋನ್ ಹೊಟ್ಟೆ ಮುಂದಿಟ್ಟುಕೊಂಡು ಬಂದ. ಅವನ ಹೊಟ್ಟೆಯೂ ಎದೆಮಟ್ಟ ಮೀರಿತ್ತು, ಮುಂದಿನದು ಕಾಣುತ್ತಿರಲಿಲ್ಲ. ಅವನನ್ನು ನಗಿಸಿ ಬಿಸಿ ತಣಿಸಲೆಂದು ಶೋದಿ ಕೆಂಪು ಮನುಷ್ಯನ ಅಣಕಕ್ಕಿಳಿದ. "ನೋಡಿ ಮುದೀರ್, ಎಳೆಯೋರು ನಡೆಯೋದು ಹೀಗೆ. ಇದು ಬೋಯ್ಮತ್ ಅಕಾ," ಬಾತುಕೋಳಿಯಂತೆ ಎರಡು ಹೆಜ್ಜೆ. "ಇದು ನಾನು," ಮದುಮಗನಂತೆ. "ಇದು ನಮ್ಮ ಸಂಗೀನ್ ಅಕಾ, ಇವತ್ತು ಬೆಳಿಗ್ಗೆ." ಅಂದವನೇ ಒಂದು ಕೈ ಸೊಂಟಕ್ಕೆ ಕೊಟ್ಟು, ಮೊಟ್ಟೆ ಕಂಕುಳಲ್ಲಿಟ್ಟುಕೊಂಡು ಕದ್ದು ಹೋಗುವವನ ಹಾಗೆ, ಮೈ ಅಲುಗದಂತೆ ಪುಟುಪುಟು ನಡೆದ.

ಎಲ್ಲರೂ ನಕ್ಕರು. ಮುದೀರನೂ ನಕ್ಕ. ಆಮೇಲೆ ನಗು ನಿಲ್ಲಿಸಿ ಸಂಗೀನನ ಕಡೆ ನೋಡಿದ. ಎರಡನೇ ಸಲ ಸೊಂಟದ ಕಡೆ ನೋಡಿದ.

"ಸಂಗೀನ್ ಅಕಾ, ಸಲೋಮತ್ ಹೇಗಿದೆ?"

"ಮನೇಲಿದಾಳೆ, ಚೆನ್ನಾಗಿದಾಳೆ."

"ನಿಮ್ಮ ಸಲೋಮತ್ತು ಕೇಳಿದೆ."

"ಅವಳೇ ನನ್ನ ಸಲೋಮತ್ತು."

ಮುದೀರ್ ಮೀಸೆಯಲ್ಲೇ ನಕ್ಕ. "ಸರಿ. ಭಾನುವಾರ ಬಜಾರಿನ ಎದುರಿಗೇ ಪರೀಕ್ಷೆ. ಮುಅಲ್ಲಿಮಾ ಹೇಳಿದ ಹಾಗೆ ತಳ್ಳಬೇಕು. ಮೊದಲು ಹಿರಿಯರು, ಅಂದ್ರೆ ನೀವು. ಇಲ್ಲಿಂದ ಕಲ್ಲಂಗಡಿ ಸಾಲಿನವರೆಗೆ. ಆಗಲಿಲ್ಲ ಅಂದ್ರೆ ಬೆನ್ನು ಕೈಕೊಟ್ಟಿದೆ ಅಂತ ಲೆಕ್ಕ. ಕುರ್ಚಿ ಕಾಯ್ತಿದೆ. ಮೆತ್ತೆ ಒಗೆಸಿದೀನಿ."

ಜನ ಚದುರಿದ ಮೇಲೆ ಸಂಗೀನ್ ಶೋದಿಯ ಕಡೆ ನೋಡಿದ. ಶೋದಿ ಈರುಳ್ಳಿ ಮೂಟೆಯ ಕಡೆ ನೋಡಿದ.

"ನಂಗೇನ್ ಗೊತ್ತಿತ್ತು ಅಕಾ? ನಾನು ಕಂಡಿದ್ದನ್ನ ಮಾಡಿದೆ."

"ಲೋ, ಕಂಡಿದ್ದನ್ನೆಲ್ಲ ಮಾಡೋದು ಕನ್ನಡಿ. ಮನುಷ್ಯ ಸ್ವಲ್ಪ ಮುಚ್ಚಿಟ್ಕೋಬೇಕು."

ಮುಂಜಿಫಾ ಗೋಡೆಯಿಂದ ಚಿತ್ರ ಬಿಡಿಸುತ್ತಿದ್ದಳು. ಮೊಳೆಯೊಂದು ಕೆಳಗೆ ಬಿತ್ತು. ಸಂಗೀನ್ ಮರ್ಯಾದೆಗೆ ಎತ್ತಿಕೊಡಲು ಹೋಗಿ, ಮಲಗುವ ಒಂಟೆಯಂತೆ ಮೊದಲು ಮುಂದಿನದು, ಆಮೇಲೆ ಹಿಂದಿನದು ಮಡಿಸಿ, ಅಲ್ಲೇ ನಿಂತ.

"ನಾಯಿ ಉಣ್ಣೆನಾ ಅಕಾ?" ಅವಳು ಮೆಲ್ಲಗೆ ಕೇಳಿದಳು.

"ಏನು?"

"ಪಟ್ಟಿ. ನಮ್ಮಪ್ಪನೂ ಕಟ್ತಿದ್ರು. ಹಿಂದೆ ತಿರುಗಿ ನೋಡಿ, ನಿಮ್ಮನ್ನ ಕಾಯ್ತಾ ಮೂರು ನಾಯಿ ಕೂತಿವೆ."

ಸಂಗೀನ್ ತಿರುಗಲಿಲ್ಲ. ತಿರುಗಲು ಆಗುತ್ತಲೂ ಇರಲಿಲ್ಲ. "ಮುದೀರ್‌ಗೆ ಹೇಳ್ತೀರಾ?"

"ನಾನು ಬೆನ್ನು ಕಾಯೋಳು, ಚಾಡಿ ಹೇಳೋಳಲ್ಲ. ಆದ್ರೆ ಭಾನುವಾರದೊಳಗೆ ಮನೇಲಿ ಏನಾದ್ರೂ ಸಣ್ಣದು ತಳ್ಳಿ ನೋಡಿ. ಮೊಣಕೈ ಮೈ ಹತ್ರ ಇರಲಿ. ಒಂದು ಕಾಲು ಮುಂದೆ, ಒಂದು ಹಿಂದೆ. ತೂಕ ಕೊಡಿ, ಬೆನ್ನು ಕೊಡಬೇಡಿ."

ಮನೆಯಲ್ಲಿ ಚಕ್ರವಿರುವ ವಸ್ತು ಒಂದೂ ಇರಲಿಲ್ಲ. ಸಲೋಮತ್ ಪಕ್ಕದ ಬೀದಿಯ ತಂಗಿಯ ಮನೆಯಿಂದ ಮಗುವಿನ ಗಾಡಿ ತಂದಳು. ಆ ಮಗು ಆಗಲೇ ಸೈಕಲ್ ಹೊಡೆಯುವಷ್ಟು ಬೆಳೆದಿತ್ತು. ಖಾಲಿ ಗಾಡಿ ತಳ್ಳಿದರೆ ಪಾಠ ಹೇಗಾಗಬೇಕು? ದೊಡ್ಡದೊಂದು ಕುಂಬಳಕಾಯಿ ಇಟ್ಟರು. ಕುಂಬಳಕಾಯಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ತಿರುಗಿದರೆ ಜನ ಏನಂದಾರು? ಮೇಲೊಂದು ಹೂವಿನ ಹೊದಿಕೆ ಹೊದಿಸಿದರು. ಅಂಗಳ ಸಾಲದಾಯಿತು. ಸಂಗೀನ್ ಓಣಿಗೆ ಇಳಿದ.

ಮೊಣಕೈ ಮೈ ಹತ್ತಿರ, ಒಂದು ಕಾಲು ಮುಂದೆ. ಗಾಡಿ ಹೊರಟಿತು. ಅವನೂ ಹೊರಟ. ನಾಲ್ಕು ಮನೆ ದಾಟಿದ ಮೇಲೆ ಏನೋ ಮರೆತುಬಂದ ಹಾಗೆ ಅನ್ನಿಸಿತು. ನಿಂತು ಯೋಚಿಸಿದ. ಮರೆತಿದ್ದು ನೋವು. ಬೆನ್ನಿತ್ತು, ಆದರೆ ಅದು ಬಾಯಿ ಮುಚ್ಚಿಕೊಂಡಿತ್ತು. ಸಂಗೀನನಿಗೆ ಖುಷಿಗಿಂತ ಅವಮಾನವೇ ಹೆಚ್ಚಾಯಿತು. ಅಪ್ಪ, ಅಜ್ಜ, ತಾನು, ಮೂರು ತಲೆಮಾರು ಸೇರಿ ಗಾಡಿಯ ತಪ್ಪು ತುದಿ ಹಿಡಿದುಕೊಂಡಿದ್ದರೇ?

"ಮುಬೋರಕ್, ಮುಬೋರಕ್!" ಗೋಡೆಯ ಮೇಲಿಂದ ಅಂಬಾರ್ ಹೋಲಾಳ ತಲೆ ಮೂಡಿತು. ಹೋಲಾ ಅಂದರೆ ಚಿಕ್ಕಮ್ಮ. ಅಂಬಾರ್ ಹೋಲಾ ಅಂದರೆ ಓಣಿಯ ರೇಡಿಯೊ. "ಸದ್ದಿಲ್ಲ, ಸುದ್ದಿ ಇಲ್ಲ, ಈ ವಯಸ್ಸಲ್ಲಿ! ಯಾರ ಥರ ಇದೆ?"

ಸಂಗೀನ್ ತಡವರಿಸಿ ನಿಜವನ್ನೇ ಹೇಳಿದ. "ಕುಂಬಳಕಾಯಿ ಥರ."

"ಹಾಗಾದ್ರೆ ಅಪ್ಪನ ಥರಾನೇ!"

ಸಂಜೆಯೊಳಗೆ ಅಂಗಳದ ತುಂಬ ಹೆಂಗಸರು, ಕೈಕೈಯಲ್ಲಿ ನಾನ್, ಒಬ್ಬಳ ಕೈಯಲ್ಲಿ ಹೊಸ ಕುಲಾವಿ. ಸಲೋಮತ್ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ನಂಗೇ ಗೊತ್ತಿಲ್ದೆ ನಂಗೆ ಮಗು ಹುಟ್ಟಿದೆಯಂತೆ," ಗಂಡನಿಗೆ ಅಂದಳು. "ಒಳ್ಳೇದೇ ಆಯ್ತು ಬಿಡಿ, ಹೆರಿಗೆ ನೋವು ತಪ್ತು." ಅಂದವಳೇ ಹೊದಿಕೆ ಸರಿಸಿ, ಮಗುವನ್ನು ಎಲ್ಲರೆದುರು ಎತ್ತಿ, ಹೆಚ್ಚುವ ಮಣೆಯ ಮೇಲಿಟ್ಟಳು. ಬಂದವರು ಅದನ್ನೇ ತುಂಬಿ ಸುಟ್ಟ ಸಂಬೂಸಾ ತಿಂದೇ ಹೋದರು. ತುಂಬ ಸಿಹಿಯಾದ ಮಗು ಅಂದರು.

ಭಾನುವಾರ ಬಂತು. ಬಜಾರು ಹೇಗಿತ್ತೆಂದರೆ, ಕೆಮ್ಮಬೇಕೆಂದರೂ ಪಕ್ಕದವನ ಅನುಮತಿ ಕೇಳಬೇಕಿತ್ತು. ಮೇಲಿನ ಗೇಟಿನಿಂದ ದಾರಿ ಒಣ ಜರ್ದಾಳುಗಳ ಸಾಲನ್ನು ಹಾದು ಕೆಳಗಿಳಿಯುತ್ತದೆ. ಕೆಳಗೆ ಎಡಕ್ಕೆ ತಿರುಗಿದರೆ ಕಲ್ಲಂಗಡಿ ಸಾಲು. ತಿರುಗದೆ ನೇರ ಹೋದರೆ ಪಾಯಿಖಾನೆ. ಅಂದು ಕಿಟಕಿಯಲ್ಲಿ ಕೂತಿದ್ದವನು ಸ್ವತಃ ಮುದೀರ್ ಕೋಮಿಲ್‌ಜೋನ್. ಭಾನುವಾರದ ಜನಕ್ಕೆ ಕಾಗದ ಕೊಡಲು ಯಾರೂ ಒಪ್ಪಿರಲಿಲ್ಲ. ಸಂಗೀನ್ ಸೋತು ಬರುವುದನ್ನು ಮೆತ್ತೆಯ ಮೇಲೆ ಕೂತೇ ನೋಡಬಹುದಲ್ಲ ಅಂತಲೂ ಅವನಿಗಿತ್ತು.

ಮುಂಜಿಫಾ ಗಾಡಿಯಿಂದ ಮೇಲಿನ ಕಲ್ಲಂಗಡಿಗಳನ್ನೆಲ್ಲ ಇಳಿಸಿದಳು. ಹೊರೆ ಸಂಗೀನನ ಎದೆಮಟ್ಟಕ್ಕೆ ನಿಂತಿತು.

"ಇದೇನು ಹೊರೆನಾ, ತಿಂಡಿನಾ?" ಅಂದ ಶೋದಿ.

"ಬಾಯಿ ಮುಚ್ಕೊಂಡು ಇಳಿಸಿದ ಹಣ್ಣು ಕಾಯ್ತಾ ಇರು, ಉಕಾ," ಅಂದ ಸಂಗೀನ್. ಉಕಾ ಅಂದರೆ ತಮ್ಮ. ಆದರೆ ಅವನು ಅಂದ ರೀತಿಗೆ ಬೈಗುಳದ ಹಾಗೆ ಕೇಳಿಸಿತು. ಶೋದಿಗೆ ಅಣ್ಣನ ಸಿಟ್ಟು ಇನ್ನೂ ಇಳಿದಿಲ್ಲವೆಂದು ಗೊತ್ತಾಯಿತು.

ಸಂಗೀನ್ ಗಾಡಿಯ ಹಿಂದೆ ನಿಂತ. ಇಷ್ಟು ವರ್ಷ ಬೆನ್ನು ತೋರಿಸಿದ ಗಾಡಿಗೆ ಮೊದಲ ಸಲ ಮುಖ ತೋರಿಸಿದ. ಜನ ನಕ್ಕರು. "ಗಾಡಿ ತಿರುಗಿ ನಿಂತಿದ್ಯೋ, ಗಾಡಿಯವನು ತಿರುಗಿ ನಿಂತಿದಾನೋ?" "ಅಕಾ, ಮಗು ಎಲ್ಲಿ? ಕುಲಾವಿ ಹಾಕಿದ್ರಾ?" ಸಂಗೀನ್ ಕಿವಿ ಕೆಂಪಗಾದರೂ ಮೊಣಕೈ ಮೈ ಹತ್ತಿರ ತಂದ, ಒಂದು ಕಾಲು ಮುಂದಿಟ್ಟ, ತೂಕ ಕೊಟ್ಟ. ಗಾಡಿ ಹೊರಟಿತು. ಆಮೆಯ ನಡಿಗೆ. ಮುಂದೆ ಜನರ ಗೋಡೆ. ಎಲ್ಲ ಸರಿಯಿತ್ತು.

ಆದರೆ ಹಳೇ ಅಭ್ಯಾಸಕ್ಕೆ ಅವನ ಬೆನ್ನು ಬಿಲ್ಲಿನಂತೆ ಬಾಗತೊಡಗಿತು. ಮೂಟೆಯ ಮೇಲೆ ನಿಂತಿದ್ದ ಮುಂಜಿಫಾ ಅದನ್ನು ಕಂಡಳು. ಗಾಬರಿಯಲ್ಲಿ "ಆ ಭಾಗ" ಅನ್ನುವುದು ಮರೆತೇಹೋಯಿತು. ಕೈಮೈಕಿನಲ್ಲಿ ಕೂಗಿದಳು:

"ಪುಶ್ತ್, ಅಕಾ! ಪುಶ್ತ್!"

ಬೆನ್ನು ನೇರ ಮಾಡಿ ಅಂತ ಅವಳ ಅರ್ಥ. ಬಜಾರಿಗೆ ಅರ್ಥ ಒಂದೇ. ಕೈಮೈಕಿನಲ್ಲಿ ಅಷ್ಟು ಜೋರಾಗಿ ಪುಶ್ತ್ ಕೇಳಿಸಿದರೆ ಬರುತ್ತಿರುವುದು ಗಾಡಿಯಲ್ಲ, ರೈಲೇ ಇರಬೇಕು ಅಂತ ಇಡೀ ಜನ ಎರಡೂ ಕಡೆಗೆ ಹಾರಿತು. ಜರ್ದಾಳು ಅಂಗಡಿಯವನು ಹಣ್ಣಿನೊಳಗೆ ಕೂತ. ಸೊಪ್ಪಿನವಳು ಪರಿಚಯವೇ ಇಲ್ಲದವನ ತೋಳಿಗೆ ಬಿದ್ದಳು. ಮೇಲಿನ ಗೇಟಿನಿಂದ ಪಾಯಿಖಾನೆಯ ಕಿಟಕಿಯವರೆಗೆ, ಬಜಾರು ಹುಟ್ಟಿದ ಮೇಲೆ ಮೊದಲ ಬಾರಿಗೆ, ದಾರಿ ಬಟಾಬಯಲಾಗಿ ಕಾಣಿಸಿತು.

ಆಗಲೇ ಎಲ್ಲರಿಗೂ ತಿಳಿದದ್ದು, ಅಲ್ಲೊಂದು ಒಳ್ಳೇ ಇಳಿಜಾರಿದೆ ಅಂತ. ಇಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ, ಜನರೇ ಬ್ರೇಕಾಗಿದ್ದರು. ಇಳಿಜಾರಿನ ಪಾಠವನ್ನು ಮುಂಜಿಫಾ ಸೋಮವಾರಕ್ಕೆ ಇಟ್ಟುಕೊಂಡಿದ್ದಳು.

ಗಾಡಿ ಜೋರಾಯಿತು. ಸಂಗೀನ್ ನಡೆದ, ಬೇಗ ನಡೆದ, ಓಡಿದ. ಈಗ ಅವನು ತಳ್ಳುತ್ತಲೂ ಇರಲಿಲ್ಲ, ಎಳೆಯುತ್ತಲೂ ಇರಲಿಲ್ಲ. ಗಾಡಿ ಅವನನ್ನು ಎಳೆಯುತ್ತಿತ್ತು. ಗಾಡಿಯೇ ಕಶ್ ಆಗಿತ್ತು. ಹಿಂದೆ ಮೂರೂ ನಾಯಿಗಳು, ಅವುಗಳ ಹಿಂದೆ ಶೋದಿ.

"ಪುಶ್ತ್! ಪುಶ್ತ್!" ಮುಂಜಿಫಾ ಕೂಗಿದಷ್ಟೂ ಜನ ಇನ್ನಷ್ಟು ದೂರ ಸರಿದರು. ಇದು ಕೆಲಸಕ್ಕೆ ಬರುವುದಿಲ್ಲ ಅಂತ ಅವಳಿಗೆ ಹೊಳೆಯಿತು. ಉಸಿರೆಳೆದು, ತನ್ನ ಗೋಡೆಚಿತ್ರಕ್ಕೇ ದ್ರೋಹ ಬಗೆದು ಕೂಗಿದಳು: "ಎಳೀರಿ ಅಕಾ! ಹಿಂದಕ್ಕೆ ಎಳೀರಿ!"

"ಹಂಗೆ ದಾರಿಗೆ ಬನ್ನಿ!" ಸಂಗೀನ್ ಓಡುತ್ತಲೇ ಕೂಗಿದ. ಮೈಯ ತೂಕವನ್ನೆಲ್ಲ ಹಿಂದಕ್ಕೆ ಹಾಕಿದ. ಹಿಮ್ಮಡಿ ನೆಲಕ್ಕೆ ಊರಿದ. ಅಪ್ಪ, ಅಜ್ಜ, ಕಶ್‌ಗಳ ವಂಶವೆಲ್ಲ ಅವನ ಕೈಗಿಳಿದು ಬಂದಂತಾಯಿತು. ಶೋದಿ ಹಿಂದಿನಿಂದ ಬಂದು, ಹಾರಾಡುತ್ತಿದ್ದ ಕೋಟಿನಡಿ ಕೈಹಾಕಿ ಅವನ ಪಟ್ಟಿ ಹಿಡಿದು ಜಗ್ಗಿದ. ಬೂಟು ಕಿರುಗುಟ್ಟಿತು, ಧೂಳೆದ್ದಿತು. ಗಾಡಿ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಪಾಯಿಖಾನೆಯ ಕಿಟಕಿಗೆ ಸಲಾಂ ಹೇಳುವಷ್ಟು ಮೆತ್ತಗೆ ಮುಟ್ಟಿ ನಿಂತಿತು.

ಗಾಡಿ ನಿಂತಿತು. ಕಲ್ಲಂಗಡಿಗಳಿಗೆ ಯಾರೂ ಹೇಳಿರಲಿಲ್ಲ.

ಮೊದಲನೆಯದು ಕಿಟಕಿಯೊಳಗೆ ಹೋದಾಗ ಮುದೀರ್ ಎಡಕ್ಕೆ ಬಗ್ಗಿದ. ಎರಡನೆಯದಕ್ಕೆ ಬಲಕ್ಕೆ. ಮೂರನೆಯದು ನೇರ ಬಂದಾಗ ಹೊಟ್ಟೆಯನ್ನೂ ಲೆಕ್ಕಿಸದೆ ಕೆಳಗೆ ಬಗ್ಗಿದ. ಒಳಗಿಂದ ಒಂದು ಸದ್ದು ಬಂತು.

ಟಕ್.

ಸಂಗೀನನಿಗೆ ಆ ಸದ್ದಿನ ಪರಿಚಯವಿತ್ತು. ಅವನು ಕಿಟಕಿಯಲ್ಲಿ ಇಣುಕಿದ. ಮುದೀರ್ ಕುರ್ಚಿಯಲ್ಲೇ ಇದ್ದ, ಆದರೆ ಮೂಗು ಮಂಡಿಗೆ ತಾಗಿತ್ತು.

"ಏನಾದ್ರೂ ಹುಡುಕ್ತಿದೀರಾ ಮುದೀರ್?"

"ಅಯ್ಯೋ… ನನ್ನ ಬೆನ್ನು… ಏಳೋಕಾಗ್ತಿಲ್ಲ…"

ಆಗ ಬಜಾರಿನ ನಡುವೆ ಮುದೀರನದೇ ಗಂಟಲು ಖಣಖಣ ಮೊಳಗಿತು. ಮುದೀರನ ಬಾಯಿಯೋ ಮಂಡಿಗಳ ನಡುವೆ ಇತ್ತು, ಮಾತಾಡಿದವನು ಶೋದಿ. "ಯಾರ ಬೆನ್ನು ಮೊದಲು ಕೈಕೊಡುತ್ತೋ, ಅವರಿಗೇ ಆ ಕುರ್ಚಿ. ಇದು ಕೋಮಿಲ್‌ಜೋನ್ ಮಾತು!"

ಬಜಾರು ಹೊಟ್ಟೆ ಹಿಡಿದುಕೊಂಡಿತು. ಸಾಲಿನಲ್ಲಿ ಅಷ್ಟು ಹೊತ್ತಿಂದ ಕಾಯುತ್ತಿದ್ದ ಒಬ್ಬ ಮುದುಕ ಮಾತ್ರ ನಗಲಿಲ್ಲ, ನಗುವ ಸ್ಥಿತಿಯಲ್ಲಿರಲಿಲ್ಲ. ಚಿಲ್ಲರೆ ಒಳಗೆ ಸರಿಸಿ, "ಮಗಾ, ನಗು ಆಮೇಲೆ, ಮೊದ್ಲು ಕಾಗದ," ಅಂದ. ಮುದೀರ್ ಬಗ್ಗಿದಲ್ಲಿಂದಲೇ ಕೈಯೊಂದನ್ನು ಮೇಲಕ್ಕೆ ಚಾಚಿ ಕಾಗದ ಹರಿದು ಕೊಟ್ಟ.

ಶೋದಿ ಸಂಗೀನನ ಕಡೆ ತಿರುಗಿ ಸ್ವಂತ ದನಿಯಲ್ಲಿ, ಅದು ಅಪರೂಪ, ಕೇಳಿದ. "ಲೆಕ್ಕ ಚುಕ್ತಾನಾ ಅಕಾ?"

"ಪಟ್ಟಿ ಹರಿದಿದೀಯಲ್ಲೋ," ಅಂದ ಸಂಗೀನ್. ಆದರೆ ನಗುತ್ತಿದ್ದ. ಬೆನ್ನು ಇನ್ನೂ ನೋಯುತ್ತಿತ್ತು; ಆದರೆ ಈಗ ನೆಟ್ಟಗೆ ನಿಂತು ನೋಯುತ್ತಿತ್ತು.

ಮುದೀರನನ್ನು ಕುರ್ಚಿ ಸಮೇತ ಎತ್ತಿ ಗಾಡಿಯ ಮೇಲಿಟ್ಟರು. ಸಂಗೀನ್ ಉಣ್ಣೆಯ ಪಟ್ಟಿಗೆ ಗಂಟು ಹಾಕಿ ಅವನ ಸೊಂಟಕ್ಕೆ ಬಿಗಿದ. ಮೂರು ನಾಯಿಗಳೂ ಆ ಕ್ಷಣವೇ ಪಕ್ಷಾಂತರ ಮಾಡಿದವು. ಆಸ್ಪತ್ರೆ ಮೇಲಿನ ಗೇಟಿನ ಆಚೆ, ದಾರಿ ಏರು. ಸಂಗೀನ್ ಒಂದು ಕಡೆ, ಶೋದಿ ಇನ್ನೊಂದು ಕಡೆ, ಮೊಣಕೈ ಮೈ ಹತ್ತಿರ ಇಟ್ಟು ತಳ್ಳಿದರು. ಮುಂಜಿಫಾ ಪಕ್ಕದಲ್ಲೇ ನಡೆದಳು, ಕೈಮೈಕು ಆರಿಸಿಕೊಂಡು.

"ಏರಿನಲ್ಲಿ ಇಬ್ಬರು ತಳ್ಳಬೇಕು, ಸರಿಯಾಗಿದೆ," ಅಂದಳು. "ಇಳಿಜಾರಲ್ಲಿ ಏನ್ ಮಾಡ್ಬೇಕು ಅಂತ ನಾಳೆ…"

"ಅದು ಬಾಯಿಪಾಠ ಆಯ್ತು ಮುಅಲ್ಲಿಮಾ," ಅಂದ ಸಂಗೀನ್. ಆಮೇಲೆ ಗಾಡಿಯ ಕಡೆ ಬಗ್ಗಿದ. "ಮುದೀರ್, ಇನ್ಮೇಲೆ ಹೊರೆ ಎದೆಮಟ್ಟ. ಆಗಬಹುದಾ?"

ಚಕ್ರ ಒಂದು ಕಲ್ಲು ಹತ್ತಿಳಿಯಿತು. "ಆಗ್ಲಿ! ಆಗ್ಲಿ!"

"ಇಳಿಜಾರಲ್ಲಿ ಒಂದು ಗಾಡಿಗೆ ಇಬ್ಬರು?"

ಇನ್ನೊಂದು ಕಲ್ಲು. ಅದು ದಾರಿಯಲ್ಲಿರಲಿಲ್ಲ, ಶೋದಿಯೇ ಹುಡುಕಿ ಹತ್ತಿಸಿದ. "ಹ್ಞೂಂ! ಎಷ್ಟ್ ಜನ ಬೇಕೋ ಅಷ್ಟ್ ಜನ!"

"ಮತ್ತೆ ಆ ಕುರ್ಚಿ?"

"ತಮಾಷೆಗೆ ಅಂದಿದ್ದು ಅಕಾ! ದೇವ್ರಾಣೆ ತಮಾಷೆಗೆ!"

ಜರ್ದಾಳು ಅಂಗಡಿಯವನು ಹಣ್ಣಿನಿಂದೆದ್ದು ಪ್ಯಾಂಟು ಕೊಡವಿಕೊಳ್ಳುತ್ತಾ ಕೂಗಿದ. "ಹೋಯ್, ತಳ್ಳೋಕೆ ಶುರು ಮಾಡಿದ್ರಲ್ಲ! ಇನ್ನೇನಂತ ಕರೀಬೇಕು ನಿಮ್ಮನ್ನ? ಕಶ್ ಅನ್ನೋಕೆ ಈಗ ಏನ್ ಎಳೀತೀರಿ?"

ಗಾಡಿಯವರೆಲ್ಲ ಸಂಗೀನನ ಕಡೆ ನೋಡಿದರು. ಮೂರು ತಲೆಮಾರಿನ ಹೆಸರು ಅವನ ನಾಲಗೆಯ ತುದಿಯಲ್ಲಿ ನಿಂತಿತ್ತು. ಸಂಗೀನ್ ಗಾಡಿಯ ಮೇಲಿದ್ದ ಹೊರೆಯನ್ನು ನೋಡಿದ. ಕುರ್ಚಿಯಿಂದ ಮುದೀರನ ಎರಡು ಬೂಟುಕಾಲು ಹೊರಗೆ ಚಾಚಿದ್ದವು.

"ಗಾಡಿ ತಳ್ತೀವಿ," ಅಂದ. "ಎಳೆಯೋಕೆ ಮುದೀರ್ ಕಾಲಿದೆಯಲ್ಲ!"

ನಗು ಇಳಿಜಾರಿನಲ್ಲಿ ಉರುಳಿ ಪಾಯಿಖಾನೆಯವರೆಗೂ ಹೋಯಿತು. ಗಾಡಿಯ ಮೇಲಿಂದ ಮುದೀರ್ ನರಳಿದ. "ಅಯ್ಯೋ ಪುಶ್ತ್… ನನ್ನ ಪುಶ್ತ್…"

ಮುಂದಿದ್ದವರೆಲ್ಲ ಥಟ್ಟನೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.